ಕೊನೆಯ ತಿರುವಿನ ಬ್ರೇಕ್ ಮಾವ

ಬ್ರೇಕ್ ಮಾವನಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಬರೀ ಕಾಗದಪತ್ರಗಳಿಗೆ. ಊರಿಗೆಲ್ಲ ಅವನು ಬ್ರೇಕ್ ಮಾವ, ಅವನ ಹೆಂಡತಿ ಬ್ರೇಕ್ ಅತ್ತೆ. ಅವಳಿಗೆ ಇದು ಒಂದಿಷ್ಟೂ ಹಿಡಿಸುತ್ತಿರಲಿಲ್ಲ. "ನಾನ್ಯಾರನ್ನ ತಡೆದು ನಿಲ್ಲಿಸ್ದೆ ಅಂತ ನಂಗೀ ಹೆಸರು?" ಎಂದು ಮೊದಮೊದಲು ಜಗಳಕ್ಕೆ ನಿಲ್ಲುತ್ತಿದ್ದಳು. ಆಮೇಲೊಂದು ದಿನ ಯಾರೋ ಬೀದಿಯಲ್ಲಿ ಅವಳ ನಿಜವಾದ ಹೆಸರು ಹಿಡಿದು ಕೂಗಿದರೆ, ತನ್ನನ್ನಲ್ಲ ಎಂಬಂತೆ ತಿರುಗಿಯೂ ನೋಡದೆ ಮುಂದೆ ಹೋದಳು. ಅಲ್ಲಿಗೆ ಆ ಜಗಳ ಮುಗಿಯಿತು.

ಅವನ ಬ್ರೇಕು ರಿಪೇರಿ ಅಂಗಡಿ ಇದ್ದದ್ದು ಬೆಟ್ಟದ ಬುಡದಲ್ಲಿ. ಮೇಲಿನ ಊರಿನಿಂದ ಕೆಳಗಿನ ಊರಿಗೆ ಇಳಿಯುವ ರಸ್ತೆಗೆ ಇಪ್ಪತ್ತೆರಡು ತಿರುವು. ಇಪ್ಪತ್ತೆರಡನೆಯದು ಮುಗಿಯಿತು, ಇನ್ನು ನೆಲ ಸಮ, ಅಬ್ಬಾ ಎಂದು ಡ್ರೈವರುಗಳು ಉಸಿರು ಬಿಡುವ ಜಾಗದಲ್ಲಿ ಅವನ ತಗಡಿನ ಬಾಗಿಲು. ಬೋರ್ಡು ಇರಲಿಲ್ಲ. ಬೋರ್ಡಿನ ಕೆಲಸವನ್ನು ವಾಸನೆಯೇ ಮಾಡುತ್ತಿತ್ತು. ಇಳಿಜಾರಿನ ಉದ್ದಕ್ಕೂ ಬ್ರೇಕು ಒತ್ತಿ ಒತ್ತಿ, ಚಕ್ರಗಳು ಕೆಂಡವಾಗಿ, ಸುಟ್ಟ ರಬ್ಬರಿಗೂ ಸುಟ್ಟ ಕೂದಲಿಗೂ ನಡುವಿನ ಒಂದು ಘಾಟು ಎಬ್ಬಿಸಿಕೊಂಡು ಗಾಡಿಗಳು ಬರುತ್ತಿದ್ದವು. ಘಾಟು ಮೂಗಿಗೆ ಬಿದ್ದದ್ದೇ ಬ್ರೇಕ್ ಮಾವ ಟೀ ಲೋಟ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದ. ಗಾಡಿ ಇನ್ನೂ ತಿರುವಿನ ಆಚೆ ಇರುವಾಗಲೇ, "ಲಾರಿ. ಹಿಂದಿನ ಎಡಗಡೆ ಚಕ್ರ. ಲೈನರ್ ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ತಾ ಇದೆ" ಎಂದು ಹೇಳಿಬಿಡುತ್ತಿದ್ದ. ಪಕ್ಕದ ಟೀ ಅಂಗಡಿಯವನು ಹೊಸ ಗಿರಾಕಿಗಳ ಜೊತೆ ಇದರ ಮೇಲೆ ಒಂದು ಬನ್ನು ಪಂದ್ಯ ಕಟ್ಟುತ್ತಿದ್ದ. ಒಮ್ಮೆಯೂ ಸೋತದ್ದಿಲ್ಲ.

ಅವನ ಮದುವೆಯ ಕಥೆಯನ್ನೇ ತೆಗೆದುಕೊಳ್ಳಿ. ಹೆಣ್ಣಿನ ಕಡೆಯವರ ಬಸ್ಸು ಮೇಲಿನ ಊರಿನಿಂದ ಇಳಿದು ಬಂದಿತ್ತು. ಹೊಸ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಮದುಮಗ ಬಸ್ಸು ನಿಂತದ್ದೇ ಮೂಗು ಅರಳಿಸಿದ. ಮದುಮಗಳು ಕೆಳಗಿಳಿಯುವಷ್ಟರಲ್ಲಿ ಮದುಮಗ ಬಸ್ಸಿನ ಅಡಿಗೆ! ಬಿಳಿ ಅಂಗಿಯ ಬೆನ್ನೆಲ್ಲ ಮಸಿ. ಅಲ್ಲಿಂದಲೇ ಡ್ರೈವರಿಗೆ, "ಇಂಥ ಬ್ರೇಕಲ್ಲಿ ಇವಳನ್ನ ಕೂರಿಸ್ಕೊಂಡು ಬಂದಿದೀಯಲ್ಲಯ್ಯ, ನಿಂಗೆ ಬುದ್ಧಿ ಇದೆಯಾ?" ಎಂದು ಬೈದ. ಅವಳು ಅವನ ಬಾಯಿಂದ ಕೇಳಿದ ಮೊದಲ ಮಾತೇ ಅದು. "ಮೊದಲ್ನೇ ದಿನ ನನ್ನ ಬಗ್ಗೆ ಚಿಂತೆ ಮಾಡಿದ್ರು. ಆಮೇಲೆ ಮೂವತ್ತು ವರ್ಷ ಬರೀ ಬಸ್ಸಿನ ಬಗ್ಗೆ ಮಾಡಿದ್ರು" ಎಂದು ಅವಳು ಈಗಲೂ ಹೇಳಿ ನಗುತ್ತಾಳೆ.

ಅಂಗಡಿಯೊಳಗೆ ಎಲ್ಲವೂ ಕಪ್ಪು. ಮೇಜಿಗೆ ಕಚ್ಚಿಸಿದ, ಸಾಮಾನು ಬಿಗಿಹಿಡಿಯುವ ಕಬ್ಬಿಣದ ಇಕ್ಕಳ ಕಪ್ಪು, ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳು ಕಪ್ಪು, ಫ್ಯಾನಿನ ರೆಕ್ಕೆ ಕಪ್ಪು. ಬ್ರೇಕು ಸವೆದು ಬಿದ್ದ ಪುಡಿ ಅದು. ಸೀನಿದರೆ ಕರ್ಚೀಫೂ ಕಪ್ಪು. ರಾತ್ರಿ ಊಟಕ್ಕೆ ಕೂರುವ ಮುಂಚೆ ಅವನು ಕೈಯನ್ನು ಸೋಪಿನ ಪುಡಿ ಹಾಕಿ ತಿಕ್ಕುತ್ತಿದ್ದ, ಆದರೂ ಉಗುರಿನ ಸಂದಿ ಮಾತ್ರ ಬಿಳಿಯಾದದ್ದೇ ಇಲ್ಲ. ಮಗಳು ಚಿಕ್ಕವಳಿದ್ದಾಗ ಅಪ್ಪಂದಿರ ಉಗುರೇ ಹಾಗಿರುತ್ತದೆ ಎಂದುಕೊಂಡಿದ್ದಳಂತೆ. ಶಾಲೆಯಲ್ಲಿ ಅಪ್ಪನ ಚಿತ್ರ ಬರೆಯಲು ಹೇಳಿದರೆ ಹತ್ತು ಉಗುರಿಗೂ ಮರೆಯದೆ ಕಪ್ಪು ಬಣ್ಣ ಹಚ್ಚಿದ್ದಳು.

ಅದಿರಲಿ. ಮಗಳ ಮಾತು ಬಂತಲ್ಲ, ಅಲ್ಲಿಂದಲೇ ಕಥೆ ಹಿಡಿಯೋಣ.

ಎಲೆಕ್ಟ್ರಿಕ್ ಕಾರುಗಳು ಬೆಟ್ಟದ ರಸ್ತೆಗೆ ಬಂದಾಗ ಬ್ರೇಕ್ ಮಾವನಿಗೆ ಮೊದಲು ಗೊತ್ತಾಗಲೇ ಇಲ್ಲ. ಹೇಗೆ ಗೊತ್ತಾಗಬೇಕು? ಸದ್ದಿಲ್ಲ, ವಾಸನೆಯಿಲ್ಲ. ಇಪ್ಪತ್ತೆರಡು ತಿರುವು ಇಳಿದು ಬಂದ ಕಾರು ಈಗ ತಾನೇ ಮನೆಯಿಂದ ಹೊರಟಂತೆ ತಣ್ಣಗೆ ಹೋಗುತ್ತಿತ್ತು. ಒಂದು ದಿನ ಟೀ ಕುಡಿಯಲು ನಿಂತ ಅಂಥದೊಂದು ಕಾರಿನ ಚಕ್ರಕ್ಕೆ ಅವನು ಕೈ ಹಚ್ಚಿ ನೋಡಿದ. ಜ್ವರ ಬಿಟ್ಟವರ ಹಣೆಯ ಹಾಗೆ ತಣ್ಣಗಿತ್ತು. ಕೈ ತೆಗೆಯದೆ ಸ್ವಲ್ಪ ಹೊತ್ತು ಹಾಗೇ ಕುಕ್ಕರುಗಾಲಲ್ಲಿ ಕೂತ.

"ಏನ್ ಮಾವ, ನಾಡಿ ಸಿಕ್ತಾ?" ಎಂದ ಟೀ ಅಂಗಡಿಯವನು.

"ಇದು ಮೇಲಿಂದ ಬಂದಿದ್ದು ಹೌದಾ?"

"ಮತ್ತೆ ಆಕಾಶದಿಂದ ಬಂತಾ?"

ಬರುಬರುತ್ತ ಘಾಟು ಹೊತ್ತು ಬರುವ ಗಾಡಿಗಳು ದಿನಕ್ಕೆ ಹತ್ತು ಇದ್ದದ್ದು ಐದಾಯಿತು, ಐದು ಇದ್ದದ್ದು ಎರಡಾಯಿತು. ಅವನಿಗೆ ಅದು ತನ್ನ ಮೂಗೇ ಹೋದ ಹಾಗೆ. ಒಂದೆರಡು ಸಲ ಡಾಕ್ಟರ ಹತ್ತಿರ ಹೋಗಿ ಮೂಗು ತೋರಿಸಿಕೊಂಡೂ ಬಂದ. ಮೂಗು ಸರಿಯಾಗೇ ಇತ್ತು.

ಅಷ್ಟರಲ್ಲಿ ಮಗಳೇ ಒಂದು ಎಲೆಕ್ಟ್ರಿಕ್ ಟ್ಯಾಕ್ಸಿ ತಂದಳು. ಅವಳು ಗಂಡುಬೀರಿ ಎಂದು ಬೀದಿಯಲ್ಲಿ ಹೆಸರಾಗಿತ್ತು. ಹದಿನೆಂಟಕ್ಕೇ ಅಪ್ಪನ ಪಕ್ಕ ಕೂತು ಲಾರಿ ಓಡಿಸಲು ಕಲಿತವಳು. ಈಗ ಮೇಲಿನ ಊರಿಗೆ ಮೂವರನ್ನು ಹತ್ತಿಸಿಕೊಂಡು ಹೋಗುವುದು, ಅಲ್ಲಿಂದ ಮೂವರನ್ನು ಇಳಿಸಿಕೊಂಡು ಬರುವುದು, ದಿನಕ್ಕೆ ಎರಡು ಸಲ. ಬಿಳಿ ಕಾರು. ತಂದ ದಿನವೇ ಅದನ್ನು ಅಪ್ಪನ ಅಂಗಡಿಯ ಮುಂದೆ ನಿಲ್ಲಿಸಿ, "ಕೂತ್ಕೋ ಅಪ್ಪ" ಎಂದಳು.

ಕಾರೊಳಗೆ ಹೊಸ ಪ್ಲಾಸ್ಟಿಕ್ಕಿನ ವಾಸನೆ. ಗೇರಿನ ಕೋಲು ಇರಬೇಕಾದ ಕಡೆ ಒಂದು ಗುಂಡಿ. ಬ್ರೇಕ್ ಮಾವ ಮಗಳ ಮುಖ ನೋಡಲಿಲ್ಲ, ಅವಳ ಕಾಲು ನೋಡುತ್ತ ಕೂತ. ಸ್ವಲ್ಪ ದೂರ ಹೋಗಿ ಅವಳು ಪೆಡಲಿನಿಂದ ಕಾಲು ಎತ್ತಿದಳು. ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದ ಹಾಗೆ ಕಾರು ತಾನೇ ನಿಧಾನವಾಯಿತು.

"ಬ್ರೇಕು ಒತ್ಲೇ ಇಲ್ವಲ್ಲ ನೀನು!"

"ಒತ್ಲೇಬೇಕಾಗಿಲ್ಲ ಅಪ್ಪ. ನಿನ್ನ ಹಳೇ ಸೈಕಲ್ ಜ್ಞಾಪಕ ಇದೆಯಾ? ಡೈನಮೊ ಇತ್ತಲ್ಲ. ಅದನ್ನ ಟೈರಿಗೆ ಒರಗಿಸಿದ್ರೆ ದೀಪ ಹತ್ತೋದು. ಆದ್ರೆ ಸೈಕಲ್ ತುಳಿಯೋದು ಹೇಗಾಗೋದು?"

"ಭಾರ ಆಗೋದು."

"ಅಷ್ಟೇ ಇದೂನು. ಹೋಗುವಾಗ ಬ್ಯಾಟರಿಯಿಂದ ಕರೆಂಟು ಮೋಟಾರಿಗೆ ಬರತ್ತೆ, ಮೋಟಾರು ಚಕ್ರ ತಿರುಗಿಸತ್ತೆ. ಕಾಲು ತೆಗೆದ್ಯೋ, ಉಲ್ಟಾ. ಚಕ್ರ ಮೋಟಾರನ್ನ ತಿರುಗಿಸತ್ತೆ. ಮೋಟಾರು ಡೈನಮೊ ಆಗಿಬಿಡತ್ತೆ. ಆ ಭಾರಕ್ಕೇ ಕಾರು ನಿಧಾನ ಆಗತ್ತೆ, ಹುಟ್ಟಿದ ಕರೆಂಟು ವಾಪಸ್ ಬ್ಯಾಟರಿಗೆ ಹೋಗತ್ತೆ. ಬೆಟ್ಟ ಇಳಿಯುವಾಗ ಮೇಲೆ ಇದ್ದಿದ್ದಕ್ಕಿಂತ ಕೆಳಗೆ ಬಂದಾಗಲೇ ಬ್ಯಾಟರಿ ಜಾಸ್ತಿ ಇರತ್ತೆ ಗೊತ್ತಾ? ಬ್ರೇಕು ಇದೆ, ಪೂರ್ತಿ ನಿಲ್ಸೋಕೆ, ಇಲ್ಲಾ ಯಾರಾದ್ರೂ ಅಡ್ಡ ಬಂದ್ರೆ."

ಬ್ರೇಕ್ ಮಾವನಿಗೆ ಅರ್ಥವಾಯಿತು. ಅರ್ಥವಾದದ್ದೇ ತೊಂದರೆ. ಮೂವತ್ತೈದು ವರ್ಷ ಆ ಬೆಟ್ಟದಿಂದ ಇಳಿದ ಗಾಡಿಗಳ ವೇಗವೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತಿತ್ತು, ಪುಡಿಯಾಗಿ ತನ್ನ ಎದೆಗೆ ಇಳಿಯುತ್ತಿತ್ತು. ಅದನ್ನೇ ಇವರು ಹಿಡಿದು ಪೆಟ್ಟಿಗೆಯೊಳಗೆ ಹಾಕಿಟ್ಟುಕೊಳ್ಳುತ್ತಿದ್ದಾರೆ. "ಒಳ್ಳೇದೇ ಬಿಡು" ಎಂದ. ಒಳ್ಳೆಯದೇ ಎಂದು ನಿಜವಾಗಿಯೂ ಅನ್ನಿಸಿತ್ತು. ಆದರೆ ಮನೆಗೆ ಬಂದ ಮೇಲೆ ಅವನ ತಲೆಯಲ್ಲಿ ಇನ್ನೊಂದೇ ಹುಳ.

ವರ್ಷಗಟ್ಟಲೆ ಬಾಗಿಲು ಹಾಕಿದ ಮನೆಯ ಬೀಗ ನೋಡಿದ್ದೀರಲ್ಲ? ಕೀಲಿಕೈ ಹಾಕಿದರೆ ತಿರುಗುವುದಿಲ್ಲ. ಯಾರೂ ಮುರಿದಿಲ್ಲ, ಯಾರೂ ಮುಟ್ಟಿಲ್ಲ. ಮುಟ್ಟದೇ ಇದ್ದದ್ದಕ್ಕೇ ಹಾಳಾಗಿರುತ್ತದೆ. ಬ್ರೇಕೂ ಹಾಗೇ. ದಿನಾ ಉಜ್ಜಿದರೆ, ಚಕ್ರದ ಜೊತೆ ತಿರುಗುವ ಅದರ ಉಕ್ಕಿನ ತಟ್ಟೆ ಕನ್ನಡಿ. ಉಜ್ಜದೆ ಬಿಟ್ಟರೆ ಮಳೆಗೆ ಮಂಜಿಗೆ ತುಕ್ಕು ಹಿಡಿಯುತ್ತದೆ, ಆಚೀಚೆ ಸರಿಯಬೇಕಾದ ಪಿನ್ನು ಸಿಕ್ಕಿಹಾಕಿಕೊಳ್ಳುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಒಂದೇ ಒಂದ್ ಸಲ ಚಕ್ರ ಬಿಚ್ಚಿ ನೋಡ್ತೀನಿ ಕಣೇ" ಎಂದು ಮಗಳ ಬೆನ್ನು ಹತ್ತಿದ. "ಅರ್ಧ ಗಂಟೆ ಕೆಲಸ. ನೋಡಿ, ಗ್ರೀಸ್ ಹಚ್ಚಿ, ಮುಚ್ಚಿಬಿಡ್ತೀನಿ."

"ಹೊರಗಿನವರು ಮುಟ್ಟಿದ್ರೆ ಕಂಪನಿಯವರು ಆಮೇಲೆ ಯಾವ್ದಕ್ಕೂ ಜವಾಬ್ದಾರಿ ಇಲ್ಲ ಅಂತಾರೆ ಅಪ್ಪ. ಬರೆಸ್ಕೊಂಡಿದಾರೆ."

"ನಾನು ಹೊರಗಿನವನಾ?"

ಮಗಳು ನಕ್ಕುಬಿಟ್ಟಳು. ಏನು ಹೇಳಬೇಕೋ ತೋಚದಿದ್ದರೆ ಅವಳು ನಗುವುದು, ತಾಯಿಯ ಬುದ್ಧಿ. ಅವನು ಮತ್ತೆ ಕೇಳಿದ, ಮತ್ತೆ ಕೇಳಿದ. ಮಳೆ ಬಂದು ನಿಂತ ಮರುದಿನ ತಪ್ಪದೆ ಕೇಳುತ್ತಿದ್ದ. ಮಗಳು ದಿನಾ ಎರಡು ಸಲ ಸೇರಿ ನಲವತ್ತನಾಲ್ಕು ತಿರುವು ಇಳಿಯುತ್ತಾಳೆ, ಆ ನಾಲ್ಕು ಚಕ್ರದೊಳಗೆ ಏನಿದೆ ಎಂದು ತಾನು ನೋಡಿಲ್ಲ. ಊರಿನ ಎಲ್ಲರ ಚಕ್ರ ಬಿಚ್ಚಿದ ಕೈ ಇದೊಂದನ್ನು ಮುಟ್ಟುವ ಹಾಗಿಲ್ಲ. ಊಟಕ್ಕೆ ಕೂತಾಗಲೂ ಅದೇ, ಹಲ್ಲುಜ್ಜುವಾಗಲೂ ಅದೇ. "ಅವಳ ಪಾಡಿಗೆ ಅವಳನ್ನ ಬಿಡ್ರೀ" ಎಂದಳು ಬ್ರೇಕ್ ಅತ್ತೆ. ಆದರೆ ಮಗಳು ಹೊರಡುವ ಹೊತ್ತಿಗೆ ಅವಳೂ ಬಾಗಿಲಿಗೆ ಬಂದು ನಿಲ್ಲುವುದನ್ನು ಬಿಡಲಿಲ್ಲ.

ಹೀಗಿರುವಾಗ ಮೇಲಿನ ಊರಿನಲ್ಲಿದ್ದ ಬ್ರೇಕ್ ಅತ್ತೆಯ ತಂಗಿಗೆ ಮಂಡಿಯ ಆಪರೇಷನ್ ಆಯಿತು. ನೋಡಿಕೊಂಡು ಬರೋಣ ಎಂದು ಒಂದು ಭಾನುವಾರ ಮೂವರೂ ಹೊರಟರು. ಹತ್ತುವಾಗ ಏನೂ ಆಗಲಿಲ್ಲ, ಹತ್ತುವ ಗಾಡಿಗೆ ಬ್ರೇಕು ಯಾತಕ್ಕೆ? ತಂಗಿಯ ಮನೆ ಎದುರಿಗೇ ಒಂದು ಚಾರ್ಜಿಂಗ್ ಕಂಬ. ಮಗಳು ಕಾರಿಗೆ ವಯರು ಚುಚ್ಚಿ ಒಳಗೆ ಬಂದಳು.

ತಂಗಿ ಹಾಸಿಗೆಯ ಮೇಲೆ ಕಾಲು ಚಾಚಿ ಕೂತು, ಆಪರೇಷನ್ನಿನ ಕಥೆಯನ್ನು ಮತ್ತುಬರಿಸುವ ಸೂಜಿಯಿಂದ ಶುರು ಮಾಡಿದಳು. ಊಟವಾಯಿತು. ಮಗಳು ಒಮ್ಮೆ ಹೊರಗೆ ಹೋಗಿ ವಯರು ಕಿತ್ತು ಬಂದಳು.

"ತುಂಬ್ತಾ?" ಎಂದ ಬ್ರೇಕ್ ಮಾವ.

"ಎಪ್ಪತ್ತು ಆಗಿದೆ. ಸಾಕು."

ಸಾಕು ಎಂದು ಅವಳು ಹೇಳಿದಳು. ಅವನಿಗೆ ಸಾಕು ಅನ್ನಿಸಲಿಲ್ಲ. ನೋಡಿ, ಹಳೆಯ ಗಾಡಿಯವರಿಗೆ ಒಂದು ನಿಯಮ ಇತ್ತು: ಬೆಟ್ಟದ ರಸ್ತೆಗೆ ಇಳಿಯುವ ಮುಂಚೆ ಟ್ಯಾಂಕು ಭರ್ತಿ ಮಾಡಿಕೊಳ್ಳಬೇಕು. ನಡುವೆ ಎಲ್ಲೂ ಬಂಕು ಇಲ್ಲ. ಇಳಿಜಾರಿನಲ್ಲಿ ಇಂಜಿನು ಆರಿಹೋದರೆ ಬ್ರೇಕು ಕಲ್ಲಾಗುತ್ತದೆ, ಸ್ಟಿಯರಿಂಗು ತಿರುಗುವುದಿಲ್ಲ. ಎಷ್ಟೋ ಡ್ರೈವರುಗಳಿಗೆ ಅವನೇ ಅಂಗಡಿಯಲ್ಲಿ ಕೂರಿಸಿ ಈ ಬುದ್ಧಿ ಹೇಳಿದ್ದ. ಈಗ ಮಗಳು ಮುಕ್ಕಾಲು ಹೊಟ್ಟೆಯಲ್ಲಿ ಕಾರು ಇಳಿಸುತ್ತೇನೆ ಎನ್ನುತ್ತಾಳೆ. ಹೇಳಿದರೆ ನಗುತ್ತಾಳೆ. ಅವನು ಸಿಗರೇಟಿನ ನೆವ ಮಾಡಿ ಎದ್ದು ಹೊರಗೆ ಹೋದ. ಅವನು ಸಿಗರೇಟು ಬಿಟ್ಟು ಹನ್ನೆರಡು ವರ್ಷ ಆಗಿತ್ತು, ಅದು ಒಳಗಿದ್ದ ಯಾರಿಗೂ ಹೊಳೆಯಲಿಲ್ಲ, ಮಂಡಿಯ ಕಥೆ ಅಷ್ಟು ಚೆನ್ನಾಗಿ ನಡೆದಿತ್ತು. ವಯರನ್ನು ಮತ್ತೆ ಚುಚ್ಚಿದ. ಮಗಳು ಮಾಡಿದ್ದನ್ನು ನೋಡಿಕೊಂಡಿದ್ದ, ಟಕ್ಕೆಂದು ಕೂತ ಸದ್ದು ಬರುವವರೆಗೂ ಒತ್ತಿದ. ಗಂಟೆಗಟ್ಟಲೆ ಮಾತು ಮುಗಿದು, ಸಂಜೆಗೆ ಮುಂಚೆ ಹೊರಡುವ ಹೊತ್ತಿಗೆ ಅವನೇ ಮುಂದಾಗಿ ಹೋಗಿ ವಯರು ಕಿತ್ತು ಕಂಬಕ್ಕೆ ಸುತ್ತಿಟ್ಟ. ಮಗಳಿಗೆ ಗೊತ್ತಾಗದ ಹಾಗೆ ಅವಳಿಗೊಂದು ಉಪಕಾರ ಮಾಡಿದ್ದೇನೆ ಎಂದು ಎದೆ ತುಂಬಿ ಕಾರಲ್ಲಿ ಕೂತ. ಅವನು ಮುಂದಿನ ಸೀಟು, ಬ್ರೇಕ್ ಅತ್ತೆ ಹಿಂದೆ, ಮಡಿಲಲ್ಲಿ ತಂಗಿ ಕೊಟ್ಟ ಹೂವಿನ ಕುಂಡ.

ಮೊದಲ ತಿರುವಿಗೆ ಮುಂಚೆ ಮಗಳು ಎಂದಿನ ಹಾಗೆ ಕಾಲು ಎತ್ತಿದಳು. ಕಾರು ಕೇಳಲಿಲ್ಲ. ಯಾರೂ ಸೆರಗು ಹಿಡಿದು ಎಳೆಯಲಿಲ್ಲ. ಕಾರು ಹಗುರವಾಗಿ, ನುಣ್ಣಗೆ, ಮೊದಲಿಗಿಂತ ಜೋರಾಗಿ ಜಾರತೊಡಗಿತು. ಅವಳ ಮುಂದಿನ ಗಾಜಿನ ಪರದೆಯಲ್ಲಿ ಹಳದಿ ಅಕ್ಷರಗಳು ಬಂದವು.

"ಏನದು?" ಎಂದ ಬ್ರೇಕ್ ಮಾವ.

"ಬ್ಯಾಟರಿ ನೂರಕ್ಕೆ ನೂರು ಅಂತಿದೆ. ಅದು ಹೇಗೆ... ನಾನು ಎಪ್ಪತ್ತಕ್ಕೇ ತೆಗ್ದಿದ್ನಲ್ಲ!" ಎನ್ನುತ್ತ ಅವಳು ಬ್ರೇಕು ಒತ್ತಿದಳು. ಕಾರು ಗರಗರ ಎಂದು ಎಡಕ್ಕೆ ಎಳೆಯಿತು. ಸ್ಟಿಯರಿಂಗು ಬಲಕ್ಕೆ ತಿರುಗಿಸಿ ತಿರುವು ದಾಟಿಸಿದಳು. ಎರಡನೆಯದು, ಮೂರನೆಯದು. ನಾಲ್ಕನೆಯ ತಿರುವಿನ ಆಚೆ ತರಕಾರಿ ಲಾರಿಯೊಂದು ಆಮೆಯ ಹಾಗೆ ಇಳಿಯುತ್ತಿತ್ತು.

ಬ್ರೇಕ್ ಮಾವನ ಬಲಗಾಲು ತಾನಾಗಿಯೇ ಮುಂದೆ ಚಾಚಿಕೊಂಡು ಒತ್ತಿತು. ಅಲ್ಲಿ ರಬ್ಬರಿನ ಚಾಪೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಒತ್ತಿದ. ಬೆನ್ನು ಸೀಟಿಗೆ ಅಂಟುವ ಹಾಗೆ ಒತ್ತಿದ. "ಗೇರ್ ಇಳಿಸು!" ಎಂದ. ಗೇರು ಇರಲಿಲ್ಲ. "ಒತ್ತಿ ಬಿಡು, ಒತ್ತಿ ಬಿಡು, ಹಿಡ್ಕೊಂಡೇ ಇರಬೇಡ!" ಎಂದ. ಅದನ್ನು ಅವಳು ಆಗಲೇ ಮಾಡುತ್ತಿದ್ದಳು, ಅವನೇ ಕಲಿಸಿದ್ದು. ಆಗಲೇ ಆ ಘಾಟು ಬಂತು. ಎಷ್ಟೋ ತಿಂಗಳಾಗಿತ್ತು ಅಷ್ಟು ಚೊಕ್ಕವಾಗಿ ಮೂಗಿಗೆ ಬಿದ್ದು. ಒಂದು ಗಳಿಗೆ, ಒಂದೇ ಗಳಿಗೆ, ಅವನ ಮೈ ತಾನಾಗಿ ಎದ್ದು ನಿಲ್ಲಲು ಹೊರಟಿತು, ಗಿರಾಕಿ ಬಂದ ಹಾಗೆ. ಆಮೇಲೆ ನೆನಪಾಯಿತು, ಸುಡುತ್ತಿರುವುದು ಯಾವ ಗಾಡಿ ಎಂದು.

"ಬಲಗಡೆ ಮುಂದಿನದು ಹಿಡೀತಿಲ್ಲ" ಎಂದ, ಅವನ ದನಿ ಅವನಿಗೇ ಕೇಳಿಸದಷ್ಟು ಸಣ್ಣಗೆ. "ಎಡಗಡೇದೊಂದೇ ಇಬ್ಬರ ಕೆಲಸ ಮಾಡಿ ಸಾಯ್ತಿದೆ."

ಲಾರಿಯ ಹಿಂಬದಿಯ ಎಲೆಕೋಸು ಒಂದೊಂದಾಗಿ ಎಣಿಸುವಷ್ಟು ಹತ್ತಿರ ಬಂತು. ಮಗಳು ಎಡಕ್ಕೆ ಎಳೆಯುವ ಕಾರನ್ನು ಎಡಕ್ಕೇ ಬಿಟ್ಟಳು. ಬೆಟ್ಟದ ಮಗ್ಗುಲಲ್ಲಿ ರಸ್ತೆ ರಿಪೇರಿಗೆಂದು ಸುರಿದ ಜಲ್ಲಿಯ ರಾಶಿಯೊಂದಿತ್ತು. ಕಾರು ಅದಕ್ಕೆ ಮೂತಿ ತುರುಕಿ, ಗರ್ರೆಂದು ಉಸಿರುಬಿಟ್ಟು ನಿಂತಿತು. ಲಾರಿಯವನು ಏನೂ ಗೊತ್ತಾಗದೆ ತನ್ನ ಪಾಡಿಗೆ ಇಳಿದು ಹೋದ.

ಹಿಂದಿನ ಸೀಟಿನಲ್ಲಿ ಹೂವಿನ ಕುಂಡ ಒಡೆದಿತ್ತು. ಬ್ರೇಕ್ ಅತ್ತೆಯ ಮಡಿಲೆಲ್ಲ ಮಣ್ಣು. "ಎಲ್ಲಾರೂ ಇದೀವಾ?" ಎಂದಳು.

ಎಲ್ಲರೂ ಇದ್ದರು. ಎಡಗಡೆಯ ಚಕ್ರದಿಂದ ಸಣ್ಣಗೆ ಹೊಗೆ ಬರುತ್ತಿತ್ತು. ಮಗಳು ಸ್ಟಿಯರಿಂಗಿನಿಂದ ಕೈ ತೆಗೆಯದೆ ಕೂತಿದ್ದಳು.

"ಬ್ಯಾಟರಿ ತುಂಬಿಬಿಟ್ರೆ ಚಕ್ರದಿಂದ ಬರೋ ಕರೆಂಟು ಹೋಗೋಕೆ ಜಾಗ ಇರಲ್ಲ. ಅದಕ್ಕೇ ಅದು ಹಿಡಿಯೋದನ್ನ ಬಿಟ್ಬಿಡತ್ತೆ. ಇಳಿಯೋ ಮುಂಚೆ ಜಾಗ ಇಟ್ಕೋಬೇಕು ಅಂತಾನೇ ನಾನು ಎಪ್ಪತ್ತಕ್ಕೆ ತೆಗೆಯೋದು" ಎಂದಳು ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ಯಾರು ಮತ್ತೆ ಚುಚ್ಚಿದ್ದು?"

ಬ್ರೇಕ್ ಮಾವ ತನ್ನ ಉಗುರು ನೋಡಿಕೊಂಡ. ಡೈನಮೊ ಅರ್ಥವಾಗಿತ್ತು ಅವನಿಗೆ, ಭಾರ ಅರ್ಥವಾಗಿತ್ತು. ಬಂದ ಕರೆಂಟಿಗೆ ಒಂದು ಜಾಗ ಬೇಕು ಎಂಬ ಅಷ್ಟೇ ಅಷ್ಟನ್ನು ಅವನು ಯೋಚಿಸಿರಲಿಲ್ಲ. "ನಾನೇ" ಎಂದ.

ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಅವನ ಕಡೆ ತಿರುಗಿ, ಚಾಪೆಯ ಮೇಲೆ ಇನ್ನೂ ಒತ್ತಿಕೊಂಡೇ ಇದ್ದ ಅವನ ಬಲಗಾಲನ್ನು ನೋಡಿದಳು. "ಕಾಲು ತೆಗಿ ಅಪ್ಪ. ನಿಂತಿದೆ" ಎಂದಳು.

ಅರ್ಧ ಗಂಟೆ ಚಕ್ರ ಆರಲು ಬಿಟ್ಟರು. ಅವನು ಇಳಿದು ಚಕ್ರದ ಸುತ್ತ ನಾಲ್ಕು ಸಲ ಓಡಾಡಿದ. ಕೈಯಲ್ಲಿ ಒಂದು ಸ್ಪ್ಯಾನರೂ ಇಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ಒಂದು ಹಳೆಯ ಜಾಕು ಕೂಡ ಇಟ್ಟಿರಲಿಲ್ಲ. ಬ್ರೇಕ್ ಅತ್ತೆ ಸೀರೆಯ ಮಣ್ಣು ಕೊಡವಿಕೊಳ್ಳುತ್ತ, "ಅಲ್ವೇ, ಬಕೆಟ್ಟು ತುಂಬಿ ನೀರು ಹಿಡಿಸ್ತಿಲ್ಲ ಅಂದ್ರೆ ಎರಡು ಚೊಂಬು ಚೆಲ್ಲಿದ್ರೆ ಆಗಲ್ವಾ?" ಎಂದಳು.

"ಕರೆಂಟನ್ನ ಎಲ್ಲಿ ಚೆಲ್ಲಲಿ ಅಮ್ಮ?" ಎನ್ನುತ್ತ ಮಗಳು ಮಾತು ಮುಗಿಸುವ ಮುಂಚೆಯೇ ತಾಯಿಯ ಮುಖ ನೋಡಿದಳು. "ಮೇಲೆ! ವಾಪಸ್ ಮೇಲೆ ಹತ್ಬೇಕು. ಹತ್ತಿದ್ರೆ ಖರ್ಚಾಗತ್ತೆ."

ಕೆಳಗೆ ಮನೆಗೆ ಹೋಗಬೇಕಾದವರು ಮೇಲಕ್ಕೆ ಹತ್ತಿದರು. ಮೇಲಿನ ಊರನ್ನು ಮೂರು ಸುತ್ತು ಹಾಕಿದರು. ತಂಗಿ ಕಿಟಕಿಯಲ್ಲಿ ಕೂತವಳು ಇವರು ಹಾದುಹೋಗುವುದನ್ನು ಒಂದು ಸಲ ನೋಡಿ ಕೈ ಬೀಸಿದಳು, ಎರಡನೆಯ ಸಲ ಕಣ್ಣುಜ್ಜಿಕೊಂಡಳು, ಮೂರನೆಯ ಸಲ ಫೋನು ಮಾಡಿದಳು. "ಏನೂ ಇಲ್ಲ, ಇವರಿಗೆ ನಿನ್ನ ಬಿಟ್ಟು ಹೋಗೋಕೆ ಮನಸ್ಸಿಲ್ವಂತೆ" ಎಂದಳು ಬ್ರೇಕ್ ಅತ್ತೆ. ಆಮೇಲೆ ಕಾರಿನ ಹೀಟರು ಜೋರಾಗಿ ಹಾಕಿ, ದೀಪವೆಲ್ಲ ಹಚ್ಚಿ, ಬೆವರು ಸುರಿಸುತ್ತ, ಹಗಲಿನಲ್ಲೇ ದೀಪ ಉರಿಸಿಕೊಂಡು ಇಳಿದರು. ಮಗಳು ಕಾಲು ಎತ್ತಿದಾಗ ಕಾರು ಮೊದಲು ಅರೆಮನಸ್ಸಿನಿಂದ, ಆಮೇಲೆ ಚೆನ್ನಾಗಿಯೇ ಹಿಂದಕ್ಕೆ ಎಳೆಯಿತು. ಇಪ್ಪತ್ತೆರಡು ತಿರುವಿಗೂ ಬ್ರೇಕ್ ಮಾವನ ಕಾಲು ಚಾಪೆ ಒತ್ತಿತು. ಯಾರೂ ನಗಲಿಲ್ಲ.

ಅಂಗಡಿಯ ಮುಂದೆ ಕಾರು ನಿಲ್ಲಿಸಿ ಮಗಳು ಹೇಳಿದಳು: "ಬಿಚ್ಚು ಅಪ್ಪ. ಏನಾದ್ರೂ ಅನ್ಕೊಳ್ಲಿ ಅವರು."

ಎಷ್ಟು ದಿನ ಕಾದಿದ್ದ ಆ ಮಾತಿಗೆ! ಜಾಕು ತಂದ, ಚಕ್ರ ಇಳಿಸಿದ. ಬಲಗಡೆಯ ತಟ್ಟೆಯ ತುಂಬ ತುಕ್ಕು ಹೆಪ್ಪುಗಟ್ಟಿತ್ತು. ಒಳಗೆ ತಟ್ಟೆಯನ್ನು ಒತ್ತಿಹಿಡಿಯುವ ಪ್ಯಾಡು ನೋಡಿದರೆ ಕಂಪನಿಯಿಂದ ಬಂದಷ್ಟೇ ದಪ್ಪ, ಒಂದು ಕೂದಲಿನಷ್ಟೂ ಸವೆದಿಲ್ಲ. ಅಷ್ಟು ಹೊಸದಾದ, ಅಷ್ಟು ಕೆಟ್ಟುಹೋದ ಬ್ರೇಕನ್ನು ಅವನು ಜೀವಮಾನದಲ್ಲಿ ನೋಡಿರಲಿಲ್ಲ. ಸಿಕ್ಕಿಕೊಂಡದ್ದು ಒಂದೇ ಒಂದು ಪಿನ್ನು, ಕಿರುಬೆರಳಿನ ಗಾತ್ರದ್ದು. ಸ್ಪ್ಯಾನರು ಬೋಲ್ಟಿಗೆ ಕೂರಿಸಿದ, ಅಷ್ಟೇ, ಮಗಳ ಫೋನು ಹೊಡೆದುಕೊಂಡಿತು. ಅವಳು ಕೇಳಿಸಿಕೊಂಡು ಇಟ್ಟಳು.

"ಕಂಪನಿಯವರು. ಬ್ರೇಕು ಸುಟ್ಟಿದ್ದು ಅವರಿಗೆ ಗೊತ್ತಾಗಿದೆ. ಕಾರೇ ತಿಳಿಸಿದೆಯಂತೆ. ಯಾರ ಕೈಲೂ ಮುಟ್ಟಿಸ್ಬೇಡಿ, ವ್ಯಾನ್ ಕಳಿಸ್ತಿದೀವಿ ಅಂದ್ರು."

"ಕಾರು ಅವರಿಗೆ ಹೇಳ್ತಾ?" ಎಂದ ಬ್ರೇಕ್ ಮಾವ. "ನಾನು ಇಲ್ಲೇ ಕೂತಿದೀನಲ್ಲ."

ಸ್ಪ್ಯಾನರು ಕೈಯಲ್ಲೇ ಇತ್ತು. ಒಂದು ಸಲ ತಿರುಗಿಸಿದ್ದರೆ ಬೋಲ್ಟು ಬರುತ್ತಿತ್ತು. ಮಗಳ ಮುಖ ನೋಡಿದ. ನಾಳೆ ಅವಳು ಇದೇ ಕಾರು ಓಡಿಸಬೇಕು. ತೆಗೆದು ಕೆಳಗಿಟ್ಟ.

ವ್ಯಾನಿನಲ್ಲಿ ಬಂದವನು ಬ್ರೇಕ್ ಮಾವನದೇ ವಯಸ್ಸಿನವನು, ನೀಲಿ ಕೋಟು, ಕೈಗೆ ಗ್ಲೌಸು. ಬಗ್ಗಿ ಒಂದು ಸಲ ಮೂಗೆಳೆದ. "ಈ ವಾಸನೆ ಮೂಗಿಗೆ ಬಿದ್ದು ಎಷ್ಟು ಕಾಲ ಆಯ್ತು" ಎಂದ.

"ಬಲಗಡೆ ಪಿನ್ನು ಸಿಕ್ಕೊಂಡಿದೆ, ಅಷ್ಟೇ. ಉಜ್ಜಿ ಗ್ರೀಸ್ ಹಚ್ಚಿದ್ರೆ ಸರಿಹೋಗತ್ತೆ" ಎಂದ ಬ್ರೇಕ್ ಮಾವ.

"ನೀವು ಹೇಳೋದು ನೂರಕ್ಕೆ ನೂರು ಸರಿ ಯಜಮಾನ್ರೇ. ಆದ್ರೆ ನಮ್ಮಲ್ಲಿ ಉಜ್ಜೋದು ಅಂತ ಇಲ್ಲ. ಬದಲಾಯಿಸೋದು, ಅಷ್ಟೇ." ಎರಡೂ ಕಡೆಯದನ್ನು ಇಡಿಯಾಗಿ ಬಿಚ್ಚಿ, ಪೆಟ್ಟಿಗೆಯಿಂದ ಹೊಸದನ್ನು ತೆಗೆದು ಕೂರಿಸಿದ. ಒಂದು ಗಂಟೆಯ ಕೆಲಸ. ಬ್ರೇಕ್ ಮಾವ ಸ್ಟೂಲಿನ ಮೇಲೆ ಕೂತು ನೋಡಿದ. ಕೆಲಸ ಅಚ್ಚುಕಟ್ಟಾಗಿತ್ತು, ಹೆಸರಿಡಲು ಏನೂ ಇರಲಿಲ್ಲ.

"ಈ ಹೊಸದೂ ಹಿಂಗೇ ಸಿಕ್ಕೊಳತ್ತಲ್ಲ, ಒತ್ತದೇ ಇದ್ರೆ?"

"ಸಿಕ್ಕೊಳತ್ತೆ."

"ಮತ್ತೆ?"

"ಆಗಾಗ ಒತ್ತಬೇಕು" ಎಂದು ನೀಲಿ ಕೋಟಿನವನು ಮಗಳ ಕಡೆ ಕೈ ತೋರಿಸಿದ. "ಅದು ಅವರ ಕಾಲಲ್ಲಿದೆ." ಹಳೆಯ ಬ್ರೇಕುಗಳನ್ನು ಬುಟ್ಟಿಗೆ ಹಾಕಿಕೊಂಡ. ಬ್ರೇಕ್ ಮಾವ ಒಂದು ಪ್ಯಾಡು ಕೇಳಿದ, ಹೊಸದೇ ಇದೆಯಲ್ಲ ಎಂದು. ಕೊಡುವ ಹಾಗಿಲ್ಲ ಎಂದು ಅವನು ತುಂಬ ಮರ್ಯಾದೆಯಿಂದ ಹೇಳಿದ.

ಆವತ್ತಿನಿಂದ ಅಪ್ಪ ಮಗಳ ನಡುವೆ ಒಂದು ಕರಾರು. ದಿನಾ ಇಳಿದು ಬರುವಾಗ ಕೊನೆಯ ತಿರುವು ದಾಟಿದ ಮೇಲೆ, ಅಂಗಡಿಯ ಎದುರಿಗೆ, ಅವಳು ಒಂದು ಸಲ ಬ್ರೇಕನ್ನು ಬಲವಾಗಿ ಒತ್ತಬೇಕು. ತುಕ್ಕು ಉಜ್ಜಿಹೋಗುವ ಸದ್ದು ಅವನ ಕಿವಿಗೆ ಬೀಳಬೇಕು. ಕರ್ರ್ ಎಂದು ಒಂದು ಸಣ್ಣ ಸದ್ದು, ಅಷ್ಟೇ. ಅಂಗಡಿಗೆ ಈಗ ಬೇರೆ ಕೆಲಸ ಅಷ್ಟಕ್ಕಷ್ಟೇ. ಆದರೂ ಅವನು ದಿನಾ ಬಾಗಿಲು ತೆಗೆದು, ಹನ್ನೊಂದಕ್ಕೂ ಐದಕ್ಕೂ ಹೊರಗೆ ಬಂದು ನಿಲ್ಲುತ್ತಾನೆ.

ಮೊದಲ ತಿಂಗಳು ಅವಳು ತಪ್ಪಿಸಲಿಲ್ಲ. ಆಮೇಲೆ ಹಿಂದಿನ ಸೀಟಿನಲ್ಲಿ ಹಸುಗೂಸು ಮಲಗಿರುತ್ತದೆ, ಇಲ್ಲವೇ ಯಾರೋ ವಾಂತಿ ಬರುತ್ತದೆ ಎನ್ನುತ್ತಿರುತ್ತಾರೆ, ಇಲ್ಲವೇ ಮರೆತುಹೋಗುತ್ತದೆ. ಕೈ ಬೀಸಿ ನಗುತ್ತ ತಣ್ಣಗೆ ಹಾದುಹೋಗುತ್ತಾಳೆ. ಸಂಜೆ ಮನೆಯಲ್ಲಿ, "ನಾಳೆ ಒತ್ತೀನಿ ಅಪ್ಪ, ಆಣೆ" ಎನ್ನುತ್ತಾಳೆ. ಅವನು, "ಆಯ್ತು ಮಗಳೇ" ಎನ್ನುತ್ತಾನೆ. ಇನ್ನೇನು ಹೇಳಿಯಾನು? ಅವಳ ಕಾಲಿಗೆ ಇವನು ಹಗ್ಗ ಕಟ್ಟಿ ಎಳೆಯಲಾದೀತೇ?

"ಬಂತು ನೋಡು ಮಾವ, ನಿನ್ನ ಬಿಳಿ ಕಾರು" ಎಂದು ಟೀ ಅಂಗಡಿಯವನು ಕೂಗುತ್ತಾನೆ. ಬ್ರೇಕ್ ಮಾವ ರಸ್ತೆಯ ಅಂಚಿನಲ್ಲಿ ಕಿವಿ ನಿಮಿರಿಸಿ ನಿಂತಿರುತ್ತಾನೆ. ಸದ್ದು ಬಂದ ದಿನ ತಿರುಗಿ ಬಂದು ಆರಿದ ಟೀ ಕುಡಿಯುತ್ತಾನೆ. ಸದ್ದು ಬಾರದ ದಿನ, ಕಾರು ದಾಟಿ ಹೋಗಿ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವನ ಬಲಗಾಲು ಮಣ್ಣನ್ನು ಒತ್ತಿಕೊಂಡೇ ಇರುತ್ತದೆ. ಅಲ್ಲಿ ಈಗ ಹಿಮ್ಮಡಿಯ ಗಾತ್ರದ ಒಂದು ಸಣ್ಣ ಗುಳಿ ಬಿದ್ದಿದೆ. ಮಳೆ ಬಂದರೆ ನೀರು ನಿಲ್ಲುತ್ತದೆ.